ಹೊರಗೆ ವಾಲಿದ ಹಿಂದಿನ ಗಾಲಿ

ಅಂದು ಸೋಮವಾರ. ಹೊಳಬಸಪ್ಪ ಕೋಥರೂಡದ ವಸತಿ ಸೊಸೈಟಿಗಳಿಗೆ ರೊಟ್ಟಿ ಮುಟ್ಟಿಸಿ ಬಂದು ಮನೆಯ ಕೆಳಗೆ ಕಾರು ನಿಲ್ಲಿಸಿದ. ಪುಣೆಗೆ ಬಂದಂದಿನಿಂದ ಹೆಂಡತಿ ರೊಟ್ಟಿ ಬಡಿಯುವುದು, ಗಂಡ ಹಂಚಿ ಬರುವುದು, ಅದೇ ಅವರ ಸಂಸಾರ. ಖಾಲಿ ಬುಟ್ಟಿ ಒಯ್ಯಲು ಮೆಟ್ಟಿಲಿಳಿದು ಬಂದ ಹೆಂಡತಿ ಬಸವಣ್ಣೆವ್ವ ಕಾರಿನ ಹಿಂದೆ ನಿಂತಳು. ಎಡಗಡೆಯ ಹಿಂದಿನ ಗಾಲಿ ನೆಟ್ಟಗಿರಲಿಲ್ಲ. ಅದರ ಮೇಲಿನ ತುದಿ ಹೊರಕ್ಕೆ ವಾಲಿತ್ತು.

"ಇದ್ಯಾಕ್ರಿ ಹಿಂಗ ಕಾಲು ಸೊಟ್ಟ ಮಾಡಿ ನಿಂತದ?"

"ನಿನ್ನ ರೊಟ್ಟಿ ಹೊತ್ತು ಹೊತ್ತು ಸೊಂಟ ಹೋಗ್ಯಾದ. ನನ್ನಂಗ."

"ರೊಟ್ಟಿ ಏನು ಕಬ್ಬಿಣದ್ದೇನು?"

"ತಿಂದವರನ್ನ ಕೇಳು," ಎಂದು ನಕ್ಕ.

ಉಂಡ, ಮಲಗಿದ, ಎದ್ದು ಚಹಾ ಕುಡಿದ. ಮರುದಿನ ಬೆಳಗ್ಗೆ ರೊಟ್ಟಿಯ ಗಂಟು ಹೊತ್ತು ಇಳಿಯುವಾಗ ಮೆಟ್ಟಿಲ ಮೇಲೆ ಕುಳಿತ. ಕುಳಿತವನು ಏಳಲಿಲ್ಲ. ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು.

ದಿನಕರ್ಮ ಮುಗಿದ ಮೇಲೆ ಮೈದುನ ಕಾಶಪ್ಪ ಕಾರು ಕೊಳ್ಳುವವನನ್ನು ಕರೆತಂದ. ಮನೆಯಲ್ಲಿ ಉಳಿದವರು ತಾಯಿ, ಮಗಳು ಇಬ್ಬರೇ. ಕಾರು ಯಾಕೆ ಬೇಕು ಎಂಬುದು ಅವನ ಮಾತು. ಬಂದವನು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಆ ಗಾಲಿಯ ಟೈರು ಹೊರಗಿನ ಅಂಚಿನಲ್ಲಿ ಮಾತ್ರ ಸವೆದು ಬೋಳಾಗಿತ್ತು.

"ಗಾಡಿ ಗುದ್ದಿದ್ದದ. ಯಾರಿಗೆ ಹೊಡದಿದ್ರೋ ಏನೋ," ಎಂದು ಕೈ ಜಾಡಿಸಿಕೊಂಡ.

ಆ ಮಾತಿಗೆ ಬಸವಣ್ಣೆವ್ವನಿಗೆ ಹಳೆಯ ಸುದ್ದಿಯೊಂದು ನೆನಪಾಯಿತು. ಮಳೆಗಾಲದಲ್ಲಿ ಪುಣೆಯಾಚೆಯ ಸಾಸವಡದ ರಸ್ತೆಯಲ್ಲಿ ಒಬ್ಬ ಮುದುಕನಿಗೆ ಬಿಳಿ ಕಾರೊಂದು ಹೊಡೆದು ಓಡಿಹೋಗಿತ್ತು. ಸೊಸೈಟಿಯ ಹೆಂಗಸರೆಲ್ಲ ಅದನ್ನೇ ಆಡಿಕೊಂಡಿದ್ದರು. ಇವರ ಕಾರೂ ಬಿಳಿ. ಸಾಸವಡದ ಅಂಗಡಿಗಳಿಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕೊಡಲು ಹೊಳಬಸಪ್ಪ ಆ ರಸ್ತೆಯಲ್ಲೇ ಹೋಗುತ್ತಿದ್ದ. ಸೊಂಟ ಹೋಗ್ಯಾದ ಎಂದು ನಕ್ಕವನು ಏನನ್ನು ಮುಚ್ಚಿಟ್ಟಿದ್ದ?

"ಕಾರು ಮಾರಂಗಿಲ್ಲ," ಎಂದಳು.

"ಇಟಗೊಂಡು ಪೂಜಾ ಮಾಡ್ತೀರೇನು ವೈನಿ?"

"ಮಾಡತೀನಿ. ನಿನಗೇನು?"

ಅಂದಿನಿಂದ ಕೆಲಸದಲ್ಲಿ ಅವಳ ಮನಸ್ಸು ನಿಲ್ಲಲಿಲ್ಲ. ಹಿಟ್ಟಿಗೆ ನೀರು ಹೆಚ್ಚಾಯಿತು, ರೊಟ್ಟಿ ಹಂಚಿನ ಮೇಲೆ ಕರಕಾಯಿತು. ಗುಡಿಸಿದ್ದನ್ನೇ ಗುಡಿಸಿದಳು. ಗ್ಯಾಲರಿಗೆ ಹೋಗಿ ಕೆಳಗಿನ ಕಾರು ನೋಡಿ ಬರುವಳು, ಕೂರುವಳು, ಮತ್ತೆ ಏಳುವಳು. ಗಂಡನ ಫೋಟೊಕ್ಕೆ ಹೂವು ಏರಿಸಲು ಮನಸ್ಸು ಬರಲಿಲ್ಲ. ಮನುಷ್ಯನನ್ನು ರಸ್ತೆಯಲ್ಲಿ ಕೆಡವಿ ಬಂದವನ ಕೊರಳಿಗೆ ಹೂವು ಹೇಗೆ ಹಾಕುವುದು? ಹಾಕದೆ ಬಿಟ್ಟು, ಆಮೇಲೆ ಅವನು ಏನೂ ಮಾಡಿರಲಿಲ್ಲ ಎಂದು ತಿಳಿದರೆ?

ಕಡೆಗೆ ಕಾಶಪ್ಪನನ್ನೇ ಕಾಡಿ ಕಾರು ತೆಗೆಸಿ, ಗಂಡ ಕಾರು ತೋರಿಸುತ್ತಿದ್ದ ಮಧುಕರನ ಅಂಗಡಿಗೆ ಹೋದಳು. ಗಾಲಿಗಳ ಅಲೈನ್‌ಮೆಂಟ್ ಮಾಡುವ ಮಧುಕರ್ ಸೊಲ್ಲಾಪುರದವನು, ಕನ್ನಡ ಬಲ್ಲ. ಗಾಲಿಗಳಿಗೆ ಅಳತೆಯ ತಟ್ಟೆ ಕಚ್ಚಿಸಿ ಕಂಪ್ಯೂಟರ್ ನೋಡಿದ.

"ಮೂರು ಗಾಲಿ ಸರಿ ಅವ ವೈನಿ. ಇದೊಂದರ ಕ್ಯಾಂಬರ್ ಕೆಟ್ಟದ, ಅಂದ್ರ ಗಾಲಿ ಓರೆ ನಿಂತದ. ಮುಂದಿನದಾದ್ರ ತಿರುವಿ ಸರಿ ಮಾಡಬಹುದು. ಈ ಗಾಡಿಗೆ ಹಿಂದ ತಿರುವೋ ಬೋಲ್ಟ್ ಇಲ್ಲ. ಗಾಲಿ ಹಿಡಿಯೋ ಆಕ್ಸಲ್ಲೇ ಬಗ್ಗ್ಯಾದ, ಬದಲಿ ಮಾಡಬೇಕು. ಅಣ್ಣಾರಿಗೂ ಹೇಳಿದ್ದೆ."

"ಅದಿರಲಿ. ಮನುಷ್ಯಾಗ ಬಡದ್ರ ಹಿಂಗ ಆಗ್ತದೇನು?"

ಮಧುಕರ್ ಅವಳ ಮುಖ ನೋಡಿದ. ಕಾಶಪ್ಪನೂ ನೋಡಿದ.

"ಮನುಷ್ಯಾಗ? ಛೇ ಛೇ. ಹಂಗ ಬಡದ್ರ ಮುಂದ ಬಡೀತದ. ಇದು ಗಾಡಿ ಜಾರಿ, ಹಿಂದಿನ ಭಾಗ ಅಡ್ಡ ಹೋಗಿ, ಗಾಲಿ ಫುಟ್‌ಪಾತಿನ ಕಲ್ಲಿಗೆ ಹೊಡದದ್ದು. ಇಲ್ಲಿ ನೋಡ್ರಿ, ಗಾಲಿ ಅಂಚಿಗೆ ಕಲ್ಲಿನ ಗೀರು."

"ಅವರು ಹಂಗ ಜಾರಿಸೋ ಮಂದಿ ಅಲ್ಲ."

"ಅಣ್ಣಾರು ಜಾರಿಸಿಲ್ಲ," ಎಂದವನು ನಾಲಿಗೆ ಕಚ್ಚಿಕೊಂಡ. "ಉಳದದ್ದು ಮನ್ಯಾಗ ಕೇಳ್ರಿ ವೈನಿ. ಹೇಳಬ್ಯಾಡ ಅಂತ ಅಣ್ಣಾರು ನನಗ ಆಣಿ ಹಾಕ್ಯಾರ."

ಮನೆಯಲ್ಲಿ ಇದ್ದವಳು ಮಗಳು ದೀಪಾಲಿ ಒಬ್ಬಳೇ. ಕಾಲೇಜಿಗೆ ಹೋಗುವ ಹುಡುಗಿ. ಕೇಳಿದ ಕೂಡಲೇ ಅತ್ತಳು.

"ನಾನ, ಯವ್ವಾ. ಸಾಸವಡಕ್ಕ ಹೋಗುವಾಗ ಅಪ್ಪ ನನಗ ಗಾಡಿ ಕಲಿಸ್ತಿದ್ದ. ಮಳಿ ಬಂದಿತ್ತು. ನಾಯಿ ಅಡ್ಡ ಬಂತು, ಜೋರ್ ಬ್ರೇಕ್ ಹಾಕಿದೆ, ಗಾಡಿ ತಿರುಗಿ ಕಲ್ಲಿಗೆ ಹೋತು. ಅಪ್ಪ ಇಳದು ನೋಡಿ, ನಿಮ್ಮವ್ವಗ ಹೇಳಬ್ಯಾಡ, ಕಲಿಯೋದ ಬಿಡಿಸ್ತಾಳ ಅಂದ."

"ನಾಯಿ?"

"ಓಡಿ ಹೋತು."

ಬಸವಣ್ಣೆವ್ವ ಗೋಡೆಗೆ ಒರಗಿ ಕೂತಳು. ಮುದುಕನಿಗೆ ಹೊಡೆದ ಕಾರು ಬೇರೆ ಯಾವುದೋ. ಆಮೇಲೆ ಬಾಯಿಗೆ ಬಂದ ಹಾಗೆ ಬೈದಳು. ಮಗಳನ್ನಲ್ಲ, ಫೋಟೊದಲ್ಲಿದ್ದ ಗಂಡನನ್ನು. ಪಕ್ಕದ ಮನೆಯ ಮರಾಠಿ ಹೆಂಗಸು ಬಾಗಿಲು ತೆರೆದು ನೋಡಿದಳು.

"ಪೂರಾ ಕಲತೀಯೋ ಅರ್ಧಕ್ಕ ಬಿಟ್ಟೀಯೋ?" ಎಂದು ಬಸವಣ್ಣೆವ್ವ ಮಗಳನ್ನು ಕೇಳಿದಳು, ಮೂಗು ಒರೆಸಿಕೊಂಡು.

"ಲೈಸೆನ್ಸ್ ಬಂದದ ಯವ್ವಾ."

"ಅದನ್ನೂ ಮುಚ್ಚಿಟ್ಟೀರಿ? ಇಬ್ಬರೂ ಸೇರಿ ನನ್ನ ಹುಚ್ಚಿ ಮಾಡೀರಿ."

ಹೇಳಿದಳೇ ಹೊರತು ಅವಳಿಗೆ ಗೊತ್ತಿತ್ತು: ಆಗಲೇ ತಿಳಿದಿದ್ದರೆ ಬಿಡಿಸಿಯೇ ಬಿಡುತ್ತಿದ್ದಳು.

ಹೊಸ ಆಕ್ಸಲ್ ಹಾಕಿಸಿದರು. ಈಗ ರೊಟ್ಟಿ ಹಂಚುವವಳು ದೀಪಾಲಿ. ಹಂಚಿ ಬಂದು ಕಾಲೇಜಿಗೆ ಹೋಗುತ್ತಾಳೆ. ಕಾಶಪ್ಪ ಬಂದಾಗಲೆಲ್ಲ, ಹೆಣ್ಣುಹುಡುಗಿ ಕೈಗೆ ಗಾಡಿ ಕೊಟ್ಟೀರಿ ಎನ್ನುತ್ತಾನೆ. ಬಸವಣ್ಣೆವ್ವ ಅವನಿಗೆ ಚಹಾ ಕೊಡುತ್ತಾಳೆ. ಮಗಳು ಹಿಂದಿರುಗುವವರೆಗೆ ಒಲೆಗೂ ಗ್ಯಾಲರಿಗೂ ಓಡಾಡುತ್ತಲೇ ಇರುತ್ತಾಳೆ.

ದಿನಾ ಬೆಳಗ್ಗೆ ರೊಟ್ಟಿಯ ಗಂಟು ಕಾರಿಗೆ ಏರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಸವಣ್ಣೆವ್ವ ಕಾರಿನ ಹಿಂದೆ ಹೋಗಿ ನಿಲ್ಲುತ್ತಾಳೆ. ಕಾರು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಅವಳು ಕೈ ಬೀಸುತ್ತಾಳೆ: "ಬಾ... ಬಾ... ಎಡಕ್ಕ ಕಂಬ ಅದ, ನೋಡಿ ಬಾ... ಹಾಂ, ಸಾಕು."