ಗೊರಿಲ್ಲಾ ನೋಡಲು ಹೊರಟವನ ಕೆಮ್ಮು

ಎಂಬತ್ತರ ದಶಕದ ನಡುವಿನಲ್ಲಿ, ತಿಪಟೂರಿನಿಂದಾಚೆ ನೆಟ್ಟಗೆ ಏನನ್ನೂ ಕಾಣದ ನಾವಿಬ್ಬರು ಆಫ್ರಿಕಾದ ಕಾಡಿಗೆ ಹೋಗಿ ಗೊರಿಲ್ಲಾ ನೋಡಬೇಕೆಂದು ಹೊರಟಿದ್ದೆವು. ನಾನು ಹೈಸ್ಕೂಲು ಮೇಷ್ಟ್ರು, ಮೂಗಿನ ತುದಿಯಲ್ಲೇ ಕೋಪ. ಇನ್ನೊಬ್ಬ ನನ್ನ ಚಿಕ್ಕಪ್ಪನ ಮಗ. ತೋಟ ಮತ್ತು ಕೊಬ್ಬರಿ ಅಟ್ಟವೇ ಅವನ ಲೋಕ. ಕೀನ್ಯಾದಲ್ಲಿ ಗಣಿತ ಪಾಠ ಹೇಳುತ್ತಿದ್ದ ನನ್ನ ಗೆಳೆಯ ರಜೆಯಲ್ಲಿ ರುವಾಂಡಕ್ಕೆ ಹೋಗಿದ್ದಾಗ ತೆಗೆದ ಫೋಟೊ ಕಳಿಸಿದ್ದ. ಮಳೆಯಲ್ಲಿ ಕೈಕಟ್ಟಿ ಕೂತ ಆ ಪ್ರಾಣಿಯನ್ನು ನೋಡಿ ನಮ್ಮವನು, "ತಾತ ಮುನಿಸ್ಕೊಂಡು ಜಗಲಿ ಮೇಲೆ ಕೂತಂಗದೆ ಕಣಣ್ಣ. ಒಂದ್ಸಲ ಎದುರಿಗೇ ನೋಡ್ಬೇಕು" ಎಂದ. ಪಾಸ್‌ಪೋರ್ಟು ಬರುವ ಮೊದಲೇ ಬೂಟು ಕೊಂಡ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಎಂದು ಊರವರು ನಕ್ಕರು.

ಅಲ್ಲಿ ಐದಾರು ಗಂಟೆ ಬೆಟ್ಟ ಹತ್ತಬೇಕಂತೆ. ಅದಕ್ಕೆಂದು ಭಾನುವಾರಗಳಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳನ್ನು ಹತ್ತಿ ಅಭ್ಯಾಸ ಮಾಡುತ್ತಿದ್ದೆವು. ಅವನಿಗೆ ಆಗಲೇ ಕೆಮ್ಮಿತ್ತು. ನಮ್ಮ ಕಡೆ ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ವರ್ಷವಿಡೀ ಅಟ್ಟದಲ್ಲಿ ಕಾಯಿ ಒಣಗಿಸಿ ಮಟ್ಟೆ ಸುಲಿಯುವ ಮನೆಗಳಲ್ಲಿ ಕೆಮ್ಮದವರು ಯಾರಿದ್ದಾರೆ? ಅಟ್ಟದ ಧೂಳು ಎಂದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಮುಗಿಯಿತು.

ಆಮೇಲೆ ಗೆಳೆಯನ ಕಾಗದ ಬಂತು. ಮನುಷ್ಯರ ರೋಗ ಗೊರಿಲ್ಲಾಗಳಿಗೆ ಬೇಗ ಅಂಟುವುದರಿಂದ ಕೆಮ್ಮು ನೆಗಡಿ ಇದ್ದವರನ್ನು ಹತ್ತಿರ ಬಿಡುವುದಿಲ್ಲ ಎಂದು ಬರೆದಿದ್ದ. ಗಟ್ಟಿಯಾಗಿ ಓದಿದವನು ನಾನೇ. ಅಂದಿನಿಂದ ಅವನು ನನ್ನೆದುರು ಕೆಮ್ಮಲಿಲ್ಲ. ಗುಡ್ಡ ಹತ್ತುವಾಗ ಬೂಟಿನ ದಾರ ಬಿಚ್ಚಿತೆಂದು ಹಿಂದೆ ಉಳಿಯುತ್ತಿದ್ದ. ಸೋಮಾರಿ ಎಂದು ನಾನು ಬೈಯುತ್ತಿದ್ದೆ.

ಒಂದು ಭಾನುವಾರ ಸಿಟ್ಟಿನಿಂದ ತಿರುಗಿ ಇಳಿದು ಬಂದೆ. ಬಂಡೆಯ ಮರೆಯಲ್ಲಿ ಬಗ್ಗಿ ನಿಂತಿದ್ದ. ಟವೆಲ್ಲಿನಲ್ಲಿ ಕೆಂಪು ಕಲೆ. ಎಲೆಅಡಿಕೆ ಎಂದ. ಅವನ ನಾಲಿಗೆ ಕೆಂಪಾಗಿರಲಿಲ್ಲ. ಆದರೂ ನಾನು ಹೂಂ ಎಂದೆ. ಒಬ್ಬನೇ ಅಷ್ಟು ದೂರ ಹೋಗುವ ಧೈರ್ಯ ನನಗಿರಲಿಲ್ಲ. ಅವನು ಬಾರದಿದ್ದರೆ ಪ್ರಯಾಣವೇ ಇಲ್ಲ. ನಂಬುವುದು ನನಗೆ ಅನುಕೂಲವಾಗಿತ್ತು.

ಮೂರು ತಿಂಗಳ ಮೇಲೆ, ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಲು ಬೆಂಗಳೂರಿಗೆ ಹೋದೆವು. ಡಾಕ್ಟರು ಅವನ ಎದೆ ಪರೀಕ್ಷಿಸಿ, ಸೂಜಿ ಕೆಳಗಿಟ್ಟು, ಎಕ್ಸ್‌ರೇಗೆ ಕಳಿಸಿದರು. ಕ್ಷಯ ಎರಡೂ ಕಡೆಯ ಶ್ವಾಸಕೋಶ ತಿಂದುಹಾಕಿತ್ತು. ಸ್ವಲ್ಪ ಮೊದಲೇ ಬಂದಿದ್ದರೆ, ಎಂದು ಶುರುಮಾಡಿದವರು ನನ್ನ ಮುಖ ನೋಡಿ ಆಸ್ಪತ್ರೆಗೆ ಸೇರಿಸಲು ಚೀಟಿ ಬರೆಯತೊಡಗಿದರು.

ಆಸ್ಪತ್ರೆಯಲ್ಲಿ ಅವನೇ ನನಗೆ ಸಮಾಧಾನ ಹೇಳಿದ. "ಹೋಗ್ದೇ ಇದ್ದದ್ದೇ ವಾಸಿ ಬುಡಣ್ಣ. ಅವುಕ್ಕೆ ಅಂಟಿಸಿಬುಟ್ಟಿದ್ರೆ ಆ ಪಾಪ ಯಾರ್ಗೆ?" ಕಾರ್ತಿಕ ಬರುವ ಮೊದಲೇ ತೀರಿಕೊಂಡ.

ಹನ್ನೊಂದನೆಯ ದಿನ, ಬಂದವರ ಊಟವಾದ ಮೇಲೆ, ಅವನ ಹೆಂಡತಿ ನನ್ನ ಹತ್ತಿರ ಬಂದು ನಿಂತಳು. "ನನ್ ಕಣ್ಗೆ ಮಣ್ಣೆರಚಿದ್ರು, ಸರಿ. ವಾರವಾರ ನೀವು ಜೊತೆಲೇ ಇದ್ರಲ್ಲ ಭಾವ, ನಿಮ್ಗೂ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲಮ್ಮ ಎಂದೆ. ಅವಳು ನಂಬಿದಳು. ಇವತ್ತಿಗೂ ಪ್ರತಿ ಹಬ್ಬಕ್ಕೂ ಮರೆಯದೆ ನನ್ನನ್ನು ಊಟಕ್ಕೆ ಕರೆಯುತ್ತಾಳೆ.