ನಾಟಿ ಮಷಿನ್ ಹಿಂದೆ ನಡೆದ ಅವ್ವ

ನಮ್ಮವ್ವ ಕಂಪ್ಲಿಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಬಗ್ಗಿ ಭತ್ತ ನಾಟಿ ಮಾಡುತ್ತಲೇ ನನ್ನನ್ನು ಓದಿಸಿದವಳು. ನಮ್ಮದು ಊರಾಚೆಯ ಕೇರಿ. ಯಾರಿಗೂ ಸ್ವಂತ ಹೊಲವಿರಲಿಲ್ಲ. ಅವಳಿಗಿಂತ ಚಿಕ್ಕವರೂ ಅವಳನ್ನು ‘ಏ, ಬಾರೇ’ ಎಂದೇ ಕರೆಯುತ್ತಿದ್ದರು. ಅದರಲ್ಲಿ ತಪ್ಪಿದೆ ಎಂದು ಬಹಳ ದಿನ ನನಗೂ ಅನಿಸಿರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಕಡೆ ನಾಟಿ ಮಷಿನ್‌ಗಳು ಬಂದವು. ಅವ್ವನ ಗುಂಪಿಗೆ ಕೆಲಸ ಕಡಿಮೆಯಾಯಿತು. ಕೆಲವರು ಹೊಸಪೇಟೆಗೆ ಮನೆ ಕಟ್ಟುವ ಕೆಲಸಕ್ಕೆ ಹೋದರು. ಉಳಿದ ಹೆಂಗಸರು ತಮ್ಮ ಸಂಘದಿಂದ ಅರ್ಜಿ ಹಾಕಿ, ಓಡಾಡಿ, ಸರ್ಕಾರದ ಸಹಾಯಧನದಲ್ಲಿ ತಾವೇ ಒಂದು ಮಷಿನ್ ತಂದರು. ನಡೆಸುವುದಕ್ಕೆ ಗಂಡಸೊಬ್ಬನನ್ನು ಹುಡುಕುವ ಮಾತು ಬಂದಾಗ ಅವ್ವ ಅಂದಳು: “ಯಾಕ? ಅದರ ಹಿಂದ ಕೆಸರಾಗ ನಡದರ ಆತು. ನಾವು ನಡದಿಲ್ಲೇನು?”

ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೆ ಅಪ್ಪನ ಅಂಗಿ ತೊಟ್ಟು ಕಲಿತಳು. ಮೊದಲ ದಿನದ ಸಾಲುಗಳು ಹಾವಿನಂತೆ ಹೋದವು. ಬದುವಿನ ಮೇಲೆ ನಿಂತವರು ನಕ್ಕರು, ಅವ್ವನೂ ನಕ್ಕಳು. ಹಂಗಾಮು ಮುಗಿಯುವಷ್ಟರಲ್ಲಿ ದೊಡ್ಡ ಹೊಲದವರು ಫೋನ್ ಮಾಡಿ ‘ಬರ್ರಿ ಅಕ್ಕಾರ’ ಎನ್ನತೊಡಗಿದ್ದರು.

ಮುಂದಿನ ಹಂಗಾಮಿನಲ್ಲಿ ಒಬ್ಬ ಸಾಹುಕಾರರ ಹೊಲಕ್ಕೆ ಮಷಿನ್‌ಗೆ ಸಸಿಯ ಟ್ರೇ ಎತ್ತಿಕೊಡಲು ನಾನೂ ಹೋಗಿದ್ದೆ. ಮಧ್ಯಾಹ್ನ ಬದುವಿನ ಮೇಲಿದ್ದ ಸಾಹುಕಾರರು ಹೊಲದ ಮನೆಯಿಂದ ಚಹಾ ತರಿಸಿದರು. ಪಕ್ಕದ ಗದ್ದೆ ಹದ ಮಾಡುತ್ತಿದ್ದ ಊರೊಳಗಿನ ಟ್ರ್ಯಾಕ್ಟರಿನವನಿಗೆ ಸ್ಟೀಲ್ ಲೋಟ, ನಮ್ಮಿಬ್ಬರಿಗೆ ಪೇಪರ್ ಕಪ್ಪು. ನಾನು ಕೈ ಚಾಚಿದೆ. ಅವ್ವ ಚಾಚಲಿಲ್ಲ.

“ಸಾವ್ಕಾರ್ರ, ನಮಗೂ ಲೋಟದಾಗ ಕೊಡ್ರಿ.”

“ತೊಳಿಯೋ ತ್ರಾಸು ಬ್ಯಾಡಂತ ಕಪ್ಪು ತರಿಸೀವಿ, ಅಷ್ಟ.”

“ಹಂಗಾರ ಅವರಿಗೂ ಅದರಾಗ ಕೊಡ್ರಿ.”

ಟ್ರ್ಯಾಕ್ಟರಿನವನು ತಲೆ ತಗ್ಗಿಸಿದ. ನಾನು ಅವ್ವನ ಅಂಗಿಯ ತುದಿ ಎಳೆದೆ. ಸಾಹುಕಾರರ ದನಿ ಏರಿತು: “ಕೇಳಿದಷ್ಟು ಬಾಡಿಗೆ ಕೊಡಾಕತ್ತೀವಿ. ಮತ್ತೇನು ಬೇಕು ನಿಮಗ?”

“ಅದು ಕೆಲಸಕ್ಕ ಕೊಡೋದು ರಿ,” ಎಂದಳು ಅವ್ವ. ಚಹಾ ಕುಡಿಯದೆ ಉಳಿದ ಅರ್ಧ ಗದ್ದೆಯನ್ನೂ ನಾಟಿ ಮಾಡಿ ಮುಗಿಸಿದಳು.

ಅದರ ನಂತರದ ಹಂಗಾಮಿಗೆ ಅವರು ಕರೆಯಲಿಲ್ಲ, ಅವರ ನೆಂಟರೂ ಕರೆಯಲಿಲ್ಲ. “ಒಂದು ಕಪ್ಪು ಚಹಾಕ್ಕ ಇಷ್ಟೆಲ್ಲಾ ಬೇಕಿತ್ತೇನಬೇ?” ಎಂದು ನಾನು ರೇಗಿದೆ. ಅವ್ವ ಎದ್ದು ಹೊರಗೆ ನಡೆದಳು. ಸಂಘದವರ ಮುಂದೆ ಮಾತ್ರ, “ನನ್ನಿಂದ ನಿಮಗ ತ್ರಾಸಾತು,” ಎಂದು ಅತ್ತಳಂತೆ. ಅವರು ಅವಳನ್ನು ಬಿಟ್ಟುಕೊಡಲಿಲ್ಲ. ಸಣ್ಣ ಹಿಡುವಳಿಯವರ ಹೊಲಗಳನ್ನು ಹುಡುಕಿಕೊಂಡು ಹೋದರು.

ಮರುವರ್ಷ ಕಾಲುವೆಗೆ ನೀರು ತಡವಾಗಿ ಬಂತು. ಎಲ್ಲರಿಗೂ ಒಮ್ಮೆಲೇ ಮಷಿನ್ ಬೇಕಾಯಿತು. ಆ ಸಾಹುಕಾರರು ಬೈಕಿನಲ್ಲಿ ನಮ್ಮ ಕೇರಿಗೇ ಬಂದರು.

“ಅಕ್ಕಾರ, ನಾಳೆ ಬರ್ರಿ.”

“ನಾಳೆ ಆಗಂಗಿಲ್ಲ ರಿ, ನಾಕು ದಿನ ತಡೀರಿ. ಕುಂದ್ರಿ, ಚಹಾ ಮಾಡ್ತೀನಿ.”

“ಬ್ಯಾಡ, ಈಗ ಕುಡದ ಬಂದೀನಿ.”

ಅವರು ಹೋದ ಮೇಲೆ ಅವ್ವ ನನ್ನ ಮುಖ ನೋಡಿದಳು. “ಕೇರಿತನಕ ಬಂದ್ರು. ಒಳಗ ಬರಾಕ ಇನ್ನಾ ದಿನ ಬೇಕು,” ಎಂದಳು. ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಸಿಟ್ಟೂ ಇರಲಿಲ್ಲ. ದುಡಿಮೆ ಮನುಷ್ಯರನ್ನು ಎಲ್ಲಿಯವರೆಗೆ ಕರೆತರಬಲ್ಲದು, ಎಲ್ಲಿ ನಿಲ್ಲಿಸಿಬಿಡುತ್ತದೆ ಎಂಬುದು ನನಗೆ ಅಂದು ಕಣ್ಣಾರೆ ಕಂಡಿತು.

ಈಗ ನಾನು ಹೊಸಪೇಟೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಸಂಘದವರು ತುಂಡು ಹೊಲ ಗುತ್ತಿಗೆ ಹಿಡಿದು ಟ್ರೇಗಳಲ್ಲಿ ಸಸಿ ಬೆಳೆಸಿ ಮಾರುತ್ತಾರೆ. ಮನೆ ಕಟ್ಟುವ ಕೆಲಸಕ್ಕೆ ಹೋಗಿದ್ದವರಲ್ಲಿ ಇಬ್ಬರು ಅದಕ್ಕಾಗಿ ಮರಳಿ ಬಂದಿದ್ದಾರೆ. ಈ ಸಲ ರಜೆಗೆ ಹೋದಾಗ ಅವ್ವ ಅವರಿಗೆ ಗದ್ದೆಯ ಮೂಲೆಯಲ್ಲಿ ಮಷಿನ್ ಎತ್ತಿ ತಿರುಗಿಸುವುದನ್ನು ಕಲಿಸುತ್ತಿದ್ದಳು. ಬದುವಿನ ಮೇಲೆ ಕುಳಿತೇ, “ಎತ್ತಬೇ, ಎತ್ತಿ ತಿರುಗಸು!” ಎಂದು ಕೂಗುತ್ತಿದ್ದಳು.