ಒಡಪಿನ ಅಡಿಟಿಪ್ಪಣಿ

ಮದುವೆಯ ವಿಡಿಯೊದಲ್ಲಿ ಅಕ್ಕನ ತುಟಿಗಿಂತ ಒಂದು ಕ್ಷಣ ಮುಂಚೆ ದೊಡ್ಡಮ್ಮನ ತುಟಿ ಅಲುಗುತ್ತದೆ. ಅಕ್ಕ ಮಡಕಶಿರದ ಗಂಡನ ಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ. ದೊಡ್ಡಮ್ಮ ಚಿತ್ರದ ಅಂಚಿನಲ್ಲಿ, ಆರತಿ ತಟ್ಟೆ ಹಿಡಿದವರ ಹಿಂದೆ, ಅರ್ಧ ಮುಖವಷ್ಟೇ ಕಾಣುವಂತೆ ಇದ್ದಾಳೆ. ಅದನ್ನು ಬೇರೆ ಯಾರೂ ಗಮನಿಸಿದಂತಿಲ್ಲ. ನಾನು ಆ ವಿಡಿಯೊವನ್ನು ಕೆಲಸಕ್ಕಾಗಿ ಮತ್ತೆ ಮತ್ತೆ ನೋಡಬೇಕಾಗಿತ್ತು.

ಕೆಲಸವೆಂದರೆ ನಮ್ಮ ಕಾನೂನು ಕಾಲೇಜಿನ ಪತ್ರಿಕೆ. ಕಲೆ ಮತ್ತು ಮನರಂಜನೆಯ ಕಾನೂನಿನ ಬಗ್ಗೆ ವಿದ್ಯಾರ್ಥಿಗಳೇ ಸಂಪಾದಿಸುವ ಪತ್ರಿಕೆ ಅದು. ಸಿನಿಮಾ ಹಾಡು ಯಾರಿಗೆ ಸೇರಿದ್ದು, ನಟನ ಮುಖವನ್ನು ಕೇಳದೆ ಜಾಹೀರಾತಿಗೆ ಬಳಸಬಹುದೇ ಎಂದು ತಟ್ಟೆಯಲ್ಲಿದ್ದ ಅನ್ನ ಆರುವವರೆಗೂ ಜಗಳವಾಡುವ ನಾಲ್ಕಾರು ಜನ ನಾವು. ಆ ಗುಂಪಿನ ಮೇಲೆ ನನಗೆ ಈಗಲೂ ಪ್ರೀತಿ. ಜಗಳಕ್ಕೆ ಬಾರದ ನನಗೆ ಅವರು ಅಡಿಟಿಪ್ಪಣಿಗಳನ್ನು ಪರಿಶೀಲಿಸುವ ಕೆಲಸ ಕೊಟ್ಟಿದ್ದರು. ಪ್ರತಿ ಮಾತಿಗೂ ಆಧಾರ ಬೇಕು, ಆಧಾರಕ್ಕೆ ಹೆಸರು ಬೇಕು. ‘ಹೆಸರು ಹೇಳಲಿಚ್ಛಿಸದವರು’ ಎಂದು ಯಾರಾದರೂ ಬರೆದರೆ ನಾನೇ ಹೊಡೆದು ಹಾಕುತ್ತಿದ್ದೆ.

ಕೊನೆಯ ವರ್ಷ ನಾನೂ ಒಂದು ಲೇಖನ ಬರೆದೆ. ಅಕ್ಕನ ಮದುವೆಯ ವಿಡಿಯೊ ತೆಗೆದ ಸ್ಟುಡಿಯೊದವರು ಅವಳು ಹೇಳಿದ ಒಡಪನ್ನು ತಮ್ಮ ಜಾಹೀರಾತಿಗೆ ಹಾಕಿಕೊಂಡಿದ್ದರು. ನಮ್ಮ ರಾಯದುರ್ಗದ ಕಡೆ ಮದುಮಗಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಎರಡು ಸಾಲಿನ ಪದ್ಯದೊಳಗಿಟ್ಟು ಹೇಳುತ್ತಾಳೆ. ಅದೇ ಒಡಪು. ಅಕ್ಕ ಹೇಳಿದ್ದು ಇದು, ಭಾವನ ಹೆಸರನ್ನು ಮಾತ್ರ ಬಿಟ್ಟಿದ್ದೇನೆ:

ಹಗರಿ ಹೊಳ್ಯಾಗ ನೀರಿಲ್ಲ ಅಂದ್ರು, ಒರತಿ ತೋಡಿದ್ರ ಬರತಾವ;
ಅತ್ತಿ ಮನ್ಯಾಗ ಮಾತಿಲ್ಲ ಅಂದ್ರು, ... ಹೆಸರು ತಗಂಡ್ರ ಬರತಾವ.

ಈ ಎರಡು ಸಾಲು ಕಾನೂನಿನ ಪ್ರಕಾರ ಯಾರವು ಎಂಬುದೇ ಲೇಖನ. ಕರ್ತೃ ಯಾರು ಎಂಬ ಅಡಿಟಿಪ್ಪಣಿಯಲ್ಲಿ ‘ಜನಪದ’ ಎಂದು ಬರೆದಿದ್ದೆ.

ರಜೆಗೆ ಊರಿಗೆ ಹೋಗುವಾಗ ಮಡಕಶಿರದಲ್ಲಿ ಇಳಿದು ಅಕ್ಕನನ್ನು ನೋಡಿದೆ. ಅವಳ ಅತ್ತೆ ಅಳೆದು ಮಾತಾಡುವ ಹೆಂಗಸು. ಮದುವೆಗೆ ಮುಂಚೆ ಅಕ್ಕ ಅದಕ್ಕೇ ಹೆದರಿದ್ದಳು. ಆದರೆ ಹೊಸ್ತಿಲಲ್ಲಿ ಆ ಒಡಪು ಕೇಳಿ ಆಕೆ ನಕ್ಕುಬಿಟ್ಟಿದ್ದರಂತೆ, ಅಂದಿನಿಂದ ಇಬ್ಬರ ನಡುವೆ ಮಾತುಕತೆ ಸಲೀಸಾಯಿತಂತೆ. ನನಗೆ ಕಾಫಿ ಕೊಡುತ್ತ ಆಕೆ ಹೇಳಿದರು, “ನಮ್ ಸೊಸೆ ನಿಂತ್ ಜಾಗ್ದಲ್ಲೇ ಕಟ್ಬುಟ್ಲು ಕಣಮ್ಮ. ನಾಲ್ಗೆ ಅಂದ್ರೆ ಅದು.” ಅಕ್ಕ ತಲೆ ಎತ್ತದೆ ಕರಿಬೇವು ಬಿಡಿಸುತ್ತಿದ್ದಳು.

ರಾಯದುರ್ಗದಲ್ಲಿ ದೊಡ್ಡಮ್ಮ ಶೇಂಗಾ ಸುಲಿಯುತ್ತ ಕೂತಿದ್ದಳು. ಇಂಗ್ಲಿಷಿನಲ್ಲಿದ್ದ ನನ್ನ ಲೇಖನವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ‘ಜನಪದ’ ಬಂದಾಗ ತಡೆದಳು.

“ಜನಪದ ಅಂದ್ರ ಯಾರವ್ವಾ? ಸತ್ತೋದೋರಾ? ನಾನಿಲ್ಲೇ ಕುಂತೀನಲ್ಲ.”

ಒಡಪು ಕಟ್ಟಿದ್ದು ಅವಳೇ ಇರಬೇಕೆಂದು ವಿಡಿಯೊ ನೋಡಿ ಮಾಡಿದ್ದ ನನ್ನ ಊಹೆ ನಿಜವಾಗಿತ್ತು. ಖುಷಿಯಿಂದ ಆ ಪದ ಅಳಿಸಿ ಅವಳ ಹೆಸರು ಟೈಪು ಮಾಡಿ ತೋರಿಸಿದೆ. ಸುಲಿಯುವ ಕೈ ನಿಂತಿತು. ಅದನ್ನೂ ಅಳಿಸು ಎಂದಳು. ಗುಮ್ಮಘಟ್ಟದಿಂದ, ಕಣೇಕಲ್ಲಿನಿಂದ ಮದುವೆ ಗೊತ್ತಾದ ಹುಡುಗಿಯರು ತನ್ನ ಹತ್ತಿರ ಬರುತ್ತಾರೆ, ಒಬ್ಬಳು ಬಂದದ್ದು ಇನ್ನೊಬ್ಬಳಿಗೆ ತಿಳಿಯುವುದಿಲ್ಲ, ಒಡಪನ್ನು ಮದುಮಗಳೇ ಕಟ್ಟಿದಳೆಂದು ಬೀಗರು ನಂಬಬೇಕು ಎಂದು ವಿವರಿಸಿದಳು.

“ಕೊಟ್ಟ ಮ್ಯಾಲ ಅದು ಆಕಿದು. ಈಗ ನನ್ನ ಹೆಸರು ಹಾಕಿದ್ರ ನಿಮ್ಮಕ್ಕ ಅತ್ತಿ ಮಖ ಹೆಂಗ ನೋಡಬೇಕು?”

“ಹಂಗಾದ್ರ ಜನಪದ ಅಂತ ಇರ್ಲಾ?”

“ನಾನಿರೋತನಕ ಬ್ಯಾಡ,” ಎಂದು ನಕ್ಕಳು. ನಗು ನಗುತ್ತಲೇ ಹೇಳಿದರೂ ಎರಡರಲ್ಲಿ ಯಾವುದಕ್ಕೂ ಒಪ್ಪಲಿಲ್ಲ.

ಸಂಜೆ ಪ್ರಧಾನ ಸಂಪಾದಕಿಗೆ ಫೋನ್ ಮಾಡಿದೆ. ನನ್ನ ಸಹಪಾಠಿಯೇ ಅವಳು. ಇಂಗ್ಲಿಷಿನ ಅಡಿಟಿಪ್ಪಣಿಯನ್ನು ಮಡಕಶಿರದಲ್ಲಿ ಯಾರು ಓದುತ್ತಾರೆ, ಹೆಸರು ಹಾಕಿಬಿಡು ಎಂದಳು. ಆದರೆ ಯಾರ ಬಗ್ಗೆ ಬರೆಯುತ್ತೇವೆಯೋ ಅವರಿಗೆ ಅಚ್ಚಿಗೆ ಮುಂಚೆ ಒಂದು ಪ್ರತಿ ಕಳಿಸುವುದು ನಮ್ಮ ಪದ್ಧತಿ. ಸ್ಟುಡಿಯೊ ಇರುವುದು ಅಕ್ಕನ ಬೀದಿಯಲ್ಲೇ. ಅವರು ಓದಿದರೆ ಅಕ್ಕನ ಅತ್ತೆಗೆ ತಿಳಿಯದೆ ಇರುವುದಿಲ್ಲ. ಹೆಸರು ಮುಚ್ಚಿಡೋಣವೇ ಎಂದು ಕೇಳಿದೆ. ಅವಳು ಬೇರೆಯವರ ಲೇಖನಗಳಲ್ಲಿ ನಾನು ಹೊಡೆದು ಹಾಕಿದ್ದನ್ನು ಮೆಲ್ಲಗೆ ನೆನಪಿಸಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಸಂಚಿಕೆ ಮರುದಿನ ಮುಗಿಯಬೇಕಿತ್ತು.

ಮರುದಿನ ಬೆಳಿಗ್ಗೆ ಲೇಖನದಿಂದ ಸ್ಟುಡಿಯೊ, ಅಕ್ಕ, ಹಗರಿ ಎಲ್ಲವನ್ನೂ ತೆಗೆದೆ. ವಾದ ಹಾಗೆಯೇ ಉಳಿಯಿತು, ಉದಾಹರಣೆಗೆ ಒಂದು ಒಡಪು ಮಾತ್ರ ಬೇಕಾಯಿತು. ಪಡಸಾಲೆಯಲ್ಲಿ ಕೂತು ನಾನೇ ಒಂದನ್ನು ಕಟ್ಟಿದೆ. ಇಲ್ಲದ ಗಂಡನಿಗೆ ಒಂದು ಹೆಸರಿಟ್ಟೆ. ದೊಡ್ಡಮ್ಮ ನನ್ನನ್ನು ಎದ್ದು ನಿಲ್ಲಿಸಿ ಹೇಳಿಸಿದಳು.

“ಆ ಹುಡುಗ ಯಾರು?”

ಯಾರೂ ಇಲ್ಲ ಎಂದೆ.

“ಕೇಳಿದೆ ಅಷ್ಟ. ಎರಡನೇ ಸಾಲು ಕುಂಟತೈತಿ. ಸರಿ ಮಾಡಿಕೊಡ್ಲೇನು?”

ಬೇಡ ಎಂದೆ. ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಬರೆದು, ಕುಂಟುವ ಸಾಲನ್ನು ಹಾಗೆಯೇ ಕಳಿಸಿದೆ.